ಸ್ಟುಟ್‌ಗಾರ್ಟ್‌ನಲ್ಲಿ ಹೊಸ ಸಂಸಾರ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಇಬ್ಬರೂ ಹೊರಡುತ್ತಿದ್ದೇವೆ. ಹೋದ ಮೇಲೆ ಯಾವ ಕೆಲಸ ಮೊದಲು, ಯಾವುದು ಆಮೇಲೆ?
– ಓದುಗರು, ದಾವಣಗೆರೆ

ಉತ್ತರ: ಮೊದಲು ವಿಳಾಸದ ನೋಂದಣಿ, ಅಲ್ಲಿನ ಮಾತಿನಲ್ಲಿ ಆನ್‌ಮೆಲ್ಡುಂಗ್. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು. ಮಿಕ್ಕ ಕೆಲಸಗಳೆಲ್ಲ ಇದರ ಬೆನ್ನಿಗೇ ಬರುತ್ತವೆ. ಬ್ಯುರ್ಗರ್‌ಬ್ಯೂರೋ ಎಂಬ ನಾಗರಿಕ ಕಚೇರಿಗೆ ಇಬ್ಬರ ಪಾಸ್‌ಪೋರ್ಟ್ ಮತ್ತು ನೀವು ಆ ಮನೆ ಸೇರಿದ್ದೀರಿ ಎಂದು ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಒಯ್ಯಿರಿ. ಬಾಡಿಗೆ ಕರಾರು ಇದೆಯಲ್ಲ ಎಂದು ಆ ಪತ್ರವಿಲ್ಲದೆ ಹೋದವರು ವಾಪಸು ಬರುತ್ತಾರೆ. ಕರಾರು ಬೇರೆ, ಅದು ಬೇರೆ. ಊರಿನ ಯಾವ ಬಡಾವಣೆಯ ಬ್ಯುರ್ಗರ್‌ಬ್ಯೂರೋ ಆದರೂ ಸರಿ. ಸಮಯವನ್ನು ಮಾತ್ರ ಆನ್‌ಲೈನಿನಲ್ಲಿ ಮೊದಲೇ ಕಾದಿರಿಸಿ.

ಮದುವೆಯ ನೋಂದಣಿ ಪತ್ರವನ್ನೂ, ಪ್ರಮಾಣಿತ ಅನುವಾದಕರಿಂದ ಮಾಡಿಸಿದ ಅದರ ಜರ್ಮನ್ ಅನುವಾದವನ್ನೂ ಅದೇ ದಿನ ಕೊಡಿ. ದಾಖಲೆಯಲ್ಲಿ ನೀವು ದಂಪತಿ ಎಂದು ಬಂದರೆ ಇಬ್ಬರೂ 4ನೇ ತೆರಿಗೆ ವರ್ಗಕ್ಕೆ (ಸಂಬಳದಲ್ಲಿ ತೆರಿಗೆ ಹಿಡಿಯುವ ಲೆಕ್ಕ) ಸೇರುತ್ತೀರಿ. ಒಬ್ಬರೇ ದುಡಿಯುವುದಾದರೆ ಆಮೇಲೆ 3 ಮತ್ತು 5ಕ್ಕೆ ಬದಲಾಯಿಸಿಕೊಳ್ಳಬಹುದು. ತಿಂಗಳ ಸಂಬಳದಲ್ಲಿ ಕಡಿತ ಕಡಿಮೆಯಾಗುತ್ತದೆ, ಆದರೆ ವರ್ಷದ ಕೊನೆಗೆ ರಿಟರ್ನ್ ಸಲ್ಲಿಸುವುದು ಕಡ್ಡಾಯ.

ನೋಂದಣಿಯಾದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಅಲ್ಲಿನ ಪೋಸ್ಟ್‌ಮನ್ ಮನೆ ನಂಬರ್ ನೋಡಿ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾನೆ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ಮರಳಿ ಹೋಗುತ್ತದೆ. ಸಂಖ್ಯೆ ಸಿಗದಿದ್ದರೆ ಕಂಪನಿ 6ನೇ ವರ್ಗದಲ್ಲಿ ಹೆಚ್ಚು ತೆರಿಗೆ ಹಿಡಿಯಬಹುದು. ಆಮೇಲೆ ಸರಿಹೋಗುತ್ತದಾದರೂ ಮೊದಲ ಸಂಬಳಕ್ಕೆ ಕತ್ತರಿ ಬಿದ್ದಿರುತ್ತದೆ. ಆದ್ದರಿಂದ ಕೀಲಿ ಕೈಗೆ ಬಂದ ದಿನವೇ ಡಬ್ಬಿಗೂ ಕರೆಗಂಟೆಗೂ ಹೆಸರು ಅಂಟಿಸಿ. ಗಂಡ ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಬೇರೆ ಬೇರೆ ಇರುವುದು ನಮ್ಮಲ್ಲಿ ಸಾಮಾನ್ಯ. ಎರಡನ್ನೂ ಬರೆಯಿರಿ.

ಪ್ರಶ್ನೆ: ಜಾಹೀರಾತಿನಲ್ಲಿ 'ಎರಡು ಕೋಣೆ, ಕಾಲ್ಟ್‌ಮೀಟೆ ಇಷ್ಟು' ಎಂದಿದೆ. ಕೈಯಿಂದ ನಿಜಕ್ಕೂ ಎಷ್ಟು ಹೋಗುತ್ತದೆ?
– ಓದುಗರು, ಬೆಂಗಳೂರು

ಉತ್ತರ: ಎರಡು ಕೋಣೆ ಎಂದರೆ ನಮ್ಮ ಲೆಕ್ಕದಲ್ಲಿ ಒಂದು ಬೆಡ್‌ರೂಮ್, ಒಂದು ಹಾಲ್. ಅಡುಗೆಮನೆ, ಬಚ್ಚಲು ಎಣಿಕೆಗಿಲ್ಲ. ಕಾಲ್ಟ್‌ಮೀಟೆ ಬರಿಯ ಗೋಡೆಗಳ ಬಾಡಿಗೆ. ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಸೇರಿದ್ದು ವಾರ್ಮ್‌ಮೀಟೆ. ವಿದ್ಯುತ್ ಮತ್ತು ಇಂಟರ್‌ನೆಟ್ ಹೆಚ್ಚಾಗಿ ಎರಡರಲ್ಲೂ ಇರುವುದಿಲ್ಲ. ಹೀಟಿಂಗಿಗೆ ಕೊಡುವುದು ಮುಂಗಡ ಅಷ್ಟೇ, ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಬಾಕಿ ಕೇಳುತ್ತಾರೆ ಅಥವಾ ಹಿಂತಿರುಗಿಸುತ್ತಾರೆ. ಠೇವಣಿ ಮೂರು ತಿಂಗಳ ಕಾಲ್ಟ್‌ಮೀಟೆಗಿಂತ ಹೆಚ್ಚಿರಕೂಡದು; ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ಕಾನೂನಿನಲ್ಲೇ ಇದೆ.

ಅಡುಗೆಮನೆಯ ಫೋಟೊ ಕೇಳಿ ನೋಡಿ. ಒಲೆ, ಸಿಂಕು, ಕಪಾಟು ಏನೂ ಇಲ್ಲದ ಖಾಲಿ ಅಡುಗೆಮನೆ ಬಾಡಿಗೆಗೆ ಬರುವುದು ಅಲ್ಲಿ ವಿಶೇಷವಲ್ಲ. 'ಐನ್‌ಬೌಕ್ಯುಶೆ' ಎಂದು ಬರೆದಿದ್ದರೆ ಮಾತ್ರ ಜೋಡಿಸಿದ ಅಡುಗೆಮನೆ. ಮಾಲೀಕರು ವಿದೇಶದಲ್ಲಿದ್ದಾರೆ, ಠೇವಣಿ ಹಾಕಿದರೆ ಕೀಲಿ ಕೊರಿಯರ್ ಮಾಡುತ್ತೇವೆ ಎಂಬ ಸಂದೇಶ ಬಂದರೆ ಅದು ಮೋಸ. ಮನೆ ನೋಡದೆ ಒಂದು ಯೂರೋ ಕೂಡ ಹಾಕಬೇಡಿ.

ಪ್ರಶ್ನೆ: ಚಳಿಗಾಲ ಶುರುವಾದ ಮೇಲೆ ಬೆಡ್‌ರೂಮಿನ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತಿದೆ. ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗುತ್ತದೆ. ನಮ್ಮ ಅಡುಗೆಯೇ ತಪ್ಪೇ?
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಅಡುಗೆ ತಪ್ಪಲ್ಲ, ಗಾಳಿ ಆಡದಿರುವುದು ತಪ್ಪು. ಅಲ್ಲಿನ ಕಿಟಕಿಗಳು ರಬ್ಬರ್ ಪಟ್ಟಿ ಹಾಕಿ ಬಿಗಿಯಾಗಿ ಮುಚ್ಚುತ್ತವೆ. ಕುಕ್ಕರಿನ ಹಬೆ, ಸ್ನಾನದ ಹಬೆ, ಒಳಗೇ ಒಣಹಾಕಿದ ಬಟ್ಟೆಯ ತೇವ ಯಾವುದೂ ಹೊರಗೆ ಹೋಗುವುದಿಲ್ಲ. ಆ ತೇವ ಮನೆಯ ಅತಿ ತಣ್ಣಗಿನ ಜಾಗ ಹುಡುಕಿ ನೀರಾಗುತ್ತದೆ. ಹೊರಗೋಡೆಯ ಮೂಲೆ, ಬೀರುವಿನ ಹಿಂಭಾಗ, ಕಿಟಕಿಯ ಚೌಕಟ್ಟು. ಬೂಷ್ಟು ಹುಟ್ಟುವುದು ಅಲ್ಲೇ.

ಪರಿಹಾರ ಕಿಟಕಿಯಲ್ಲಿದೆ. ದಿನಕ್ಕೆ ಮೂರು ನಾಲ್ಕು ಸಲ, ಹೀಟರ್ ಆರಿಸಿ, ಎದುರುಬದುರಿನ ಎರಡು ಕಿಟಕಿಗಳನ್ನು ಪೂರ್ತಿ ತೆರೆಯಿರಿ. ಕೊರೆಯುವ ಚಳಿಯಲ್ಲಿ 5 ನಿಮಿಷ ಸಾಕು, ಚಳಿ ಕಡಿಮೆ ಇದ್ದಾಗ 10ರಿಂದ 15 ನಿಮಿಷ. ಕಿಟಕಿಯ ಮೇಲ್ತುದಿಯನ್ನಷ್ಟೇ ಓರೆಯಾಗಿ ತೆರೆದು ದಿನವಿಡೀ ಬಿಡುವುದು ಅತಿ ಕೆಟ್ಟ ಅಭ್ಯಾಸ: ಗಾಳಿ ಬದಲಾಗುವುದು ಕಡಿಮೆ, ಸುತ್ತಲಿನ ಗೋಡೆ ತಣ್ಣಗಾಗುವುದು ಹೆಚ್ಚು, ಹೀಟಿಂಗ್ ಬಿಲ್ಲೂ ಏರುತ್ತದೆ. ತೇವಾಂಶ ತೋರಿಸುವ ಚಿಕ್ಕ ಮಾಪಕ ತಂದಿಡಿ. 40ರಿಂದ 60 ಶೇಕಡದ ನಡುವೆ ಇರಲಿ. ಬೀರುವನ್ನು ಹೊರಗೋಡೆಯಿಂದ 5ರಿಂದ 10 ಸೆಂಟಿಮೀಟರ್ ಈಚೆ ಎಳೆಯಿರಿ. ಅಡುಗೆಮನೆಯ ಬಿಸಿಗಾಳಿಯಿಂದ ಬೆಡ್‌ರೂಮ್ ಬೆಚ್ಚಗಾಗಲಿ ಎಂದು ಬಾಗಿಲು ತೆರೆದಿಟ್ಟರೆ ಬೆಚ್ಚನೆಯ ಜತೆ ತೇವವೂ ಒಳಗೆ ಬರುತ್ತದೆ. ಹೀಟರಿನ ತಿರುಗಣೆಯ ಮೇಲಿನ ಅಂಕಿ ವೇಗವಲ್ಲ. 3 ಎಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಬೇಗ ಬಿಸಿಯಾಗುವುದಿಲ್ಲ, ಬಿಸಿ ಹೆಚ್ಚಾಗುತ್ತಾ ಹೋಗುತ್ತದೆ ಅಷ್ಟೇ. ಈಗ ಬಂದಿರುವ ಬೂಷ್ಟಿನ ಫೋಟೊ ತೆಗೆದು ಮಾಲೀಕರಿಗೆ ಬರೆದು ತಿಳಿಸಿ. ಸುಮ್ಮನಿದ್ದರೆ ಮನೆ ಬಿಡುವಾಗ ಠೇವಣಿಯಲ್ಲಿ ಹಿಡಿಯುವ ಮಾತು ಬರುತ್ತದೆ.

ಅಲಾರಂ ವಿಷಯ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದ ನಿಯಮದಂತೆ ಹೊಗೆ ಅಲಾರಂ ಇರಬೇಕಾದದ್ದು ಮಲಗುವ ಕೋಣೆಗಳಲ್ಲಿ ಮತ್ತು ಬೆಂಕಿ ಬಿದ್ದರೆ ಅಲ್ಲಿಂದ ಹೊರಗೆ ಓಡುವ ದಾರಿಯ ಪಡಸಾಲೆಯಲ್ಲಿ, ಅಡುಗೆಮನೆಯಲ್ಲಲ್ಲ. ಹಾಗಾಗಿ ಒಗ್ಗರಣೆಯ ಹೊತ್ತಿಗೆ ಪಡಸಾಲೆಯ ಬಾಗಿಲು ಮುಚ್ಚಿ, ಅಡುಗೆಮನೆಯ ಕಿಟಕಿ ತೆಗೆದರೆ ಮುಗಿಯಿತು. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಗಾಜಿನ ಹಾಸಿನ ವಿದ್ಯುತ್ ಒಲೆ ಆರಿಸಿದ ಮೇಲೂ ಬಿಸಿ ಉಳಿಯುತ್ತದೆ, ಸಾಸಿವೆ ಸಿಡಿದ ಕೂಡಲೇ ಸೌಟು ಎತ್ತದಿದ್ದರೆ ಕರಿಬೇವು ಕರಕಲು. ಆ ಒಲೆಗೆ ತಳ ಚಪ್ಪಟೆ ಇರುವ ಪಾತ್ರೆ ಬೇಕು, ದುಂಡು ತಳದ ಬಾಣಲೆ ಕಾಯುವುದಿಲ್ಲ. ಇಂಡಕ್ಷನ್ ಆಗಿದ್ದರೆ ಊರಿನ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೇ ಬಾರದು. ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ನೋಡಿ, ಆಮೇಲೆ ಪೆಟ್ಟಿಗೆಗೆ ಹಾಕಿ. ಮಿಕ್ಸಿ ತರಬಹುದು, ವೋಲ್ಟೇಜ್ 230 ಅಲ್ಲೂ ಅಷ್ಟೇ. ನಮ್ಮ ಮೂರು ಪಿನ್ನಿನ ಪ್ಲಗ್ ಮಾತ್ರ ಹಿಡಿಯುವುದಿಲ್ಲ. ಅರ್ಥಿಂಗ್ ಇರುವ ಅಡಾಪ್ಟರನ್ನೇ ಕೊಳ್ಳಿ. ರಾತ್ರಿ ಹತ್ತರ ಮೇಲೆ ಚಟ್ನಿ ರುಬ್ಬಬೇಡಿ.

ಪ್ರಶ್ನೆ: ನಮ್ಮ ಬಾಗಿಲಿಗೆ ಯಾರೋ 'ಕೇರ್‌ವೋಖೆ' ಎಂದು ಬರೆದ ಹಲಗೆ ತೂಗುಹಾಕಿ ಹೋಗಿದ್ದಾರೆ. ಏನಿದು?
– ಓದುಗರು, ಫಾಯರ್‌ಬಾಖ್, ಸ್ಟುಟ್‌ಗಾರ್ಟ್

ಉತ್ತರ: ಈ ವಾರ ಗುಡಿಸುವ ಪಾಳಿ ನಿಮ್ಮದು. ಸ್ಟುಟ್‌ಗಾರ್ಟ್ ಇರುವ ಶ್ವಾಬಿಯ ಸೀಮೆಯ ಹಳೆಯ ಪದ್ಧತಿ. ಚಿಕ್ಕ ಪಾಳಿಯಲ್ಲಿ ನಿಮ್ಮ ಅಂತಸ್ತಿನ ಮೆಟ್ಟಿಲು. ದೊಡ್ಡದರಲ್ಲಿ ನೆಲಮಾಳಿಗೆ, ಕಸದ ಡಬ್ಬಿಯ ಜಾಗ, ಮನೆ ಮುಂದಿನ ಕಾಲುದಾರಿ, ಹಿಮ ಬಿದ್ದರೆ ಅದನ್ನೂ ಬೆಳಗ್ಗೆಯೇ ಗೋರಿ ತೆಗೆಯುವುದು. ಕೊಳೆ ಇಲ್ಲದಿದ್ದರೂ ಮಾಡಬೇಕು, ಮಾಡಿದ್ದು ಕಾಣಬೇಕು! ಮುಗಿದ ಮೇಲೆ ಹಲಗೆಯನ್ನು ಪಕ್ಕದವರ ಬಾಗಿಲಿಗೆ ದಾಟಿಸಿ. ಊರಲ್ಲಿರದಿದ್ದರೆ ಮೊದಲೇ ಹೇಳಿ ವಾರ ಅದಲುಬದಲು ಮಾಡಿಕೊಳ್ಳಿ. ಕರಾರಿನಲ್ಲಿ ಇದರ ಮಾತಿದೆಯೇ ಎಂದು ನೋಡಿ; ಹೆಚ್ಚಿನ ಕಡೆ ಇರುತ್ತದೆ.

ಪ್ರಶ್ನೆ: ಕೆಲಸ ಹೆಂಡತಿಯದು, ನಾನು ಜತೆಗೆ ಹೋಗುವವನು. ಮನೆಯಲ್ಲೇ ಕೊಳೆಯಬೇಕೇ?
– ಓದುಗರು, ಮೈಸೂರು

ಉತ್ತರ: ಬೇಕಿಲ್ಲ. ಸಂಗಾತಿಯ ಪರವಾನಗಿಯಲ್ಲಿ ಕೆಲಸ ಮಾಡುವ ಹಕ್ಕಿದೆ. ಹೆಂಡತಿ ಸರ್ಕಾರಿ ವ್ಯವಸ್ಥೆಯ ಆರೋಗ್ಯ ವಿಮೆಯಲ್ಲಿದ್ದು ನಿಮಗೆ ಆದಾಯವಿಲ್ಲದಿದ್ದರೆ ಅದೇ ವಿಮೆಯಲ್ಲಿ ಹೆಚ್ಚುವರಿ ಕಂತಿಲ್ಲದೆ ಸೇರಬಹುದು. ಬ್ಲೂ ಕಾರ್ಡ್ (ಉನ್ನತ ಶಿಕ್ಷಣ ಪಡೆದ ವಿದೇಶಿ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇರುವವರ ಸಂಗಾತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಕೇಳುವುದಿಲ್ಲ. ಆದರೂ ಕಲಿತೇ ಹೋಗಿ ಎನ್ನುತ್ತೇವೆ. ಸಾಫ್ಟ್‌ವೇರ್ ಬಿಟ್ಟರೆ ಇಂಗ್ಲಿಷಿನಲ್ಲೇ ನಡೆಯುವ ಕೆಲಸ ಕಡಿಮೆ. ರೋಟೆಬ್ಯುಲ್‌ಪ್ಲಾಟ್ಸ್‌ನಲ್ಲಿರುವ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ಜನಶಾಲೆಯಲ್ಲಿ ತರಗತಿಗಳಿವೆ. ಹೊರದೇಶದಿಂದ ಬಂದವರಿಗಾಗಿ ಇರುವ ಸಾಮಾನ್ಯ ಸಮ್ಮಿಲನ (ಇಂಟಿಗ್ರೇಷನ್) ಕೋರ್ಸು ಎಂದರೆ 600 ಪಾಠದ ಭಾಷೆ, 100 ಪಾಠದ ನಾಡಪರಿಚಯ.

ಪ್ರಶ್ನೆ: ಕಾರಿಲ್ಲದೆ, ಹೆಚ್ಚು ಖರ್ಚಿಲ್ಲದೆ ವಾರಾಂತ್ಯಕ್ಕೆ ಎಲ್ಲಿಗೆ ಹೋಗಬಹುದು?
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿ. ತಿಂಗಳಿಗೆ 2025ರಲ್ಲಿ 58 ಯೂರೋ ಇದ್ದದ್ದು 2026ರ ಜನವರಿಯಿಂದ 63. ದೇಶವಿಡೀ ಬಸ್ಸು, ಟ್ರಾಮು, ಪ್ರಾದೇಶಿಕ ರೈಲಿಗೆ ಸಲ್ಲುತ್ತದೆ. ಐಸಿಇ, ಐಸಿ ವೇಗದ ರೈಲಿಗೆ ಇಲ್ಲ. ಮುಂದಿನ ತಿಂಗಳು ಬೇಡವಾದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದುಮಾಡಿ.

ಊರು ಬೋಗುಣಿಯಂಥ ತಗ್ಗಿನಲ್ಲಿದೆ. ಮೊದಲ ಭಾನುವಾರ ಮಾರಿಯನ್‌ಪ್ಲಾಟ್ಸ್‌ನಿಂದ ಹಲ್ಲುಗಾಲಿಯ ರೈಲು 'ಟ್ಸಾಕೆ' ಹತ್ತಿ ಮೇಲಿನ ಡೆಗರ್‌ಲೋಖ್ ಬಡಾವಣೆಗೆ ಹೋಗಿ, ಶ್ಟೆಫೆಲೆ ಎಂದು ಕರೆಯುವ ಮೆಟ್ಟಿಲ ದಾರಿಗಳಲ್ಲಿ ಇಳಿದು ಬನ್ನಿ. ಇಳಿಯುವುದಕ್ಕೆ ಇವು ಚೆನ್ನ, ಹತ್ತುವುದಕ್ಕೆ ತೊಡೆ ಗಟ್ಟಿಯಿರಬೇಕು. ವೈಸೆನ್‌ಹೋಫ್ ಬಡಾವಣೆಯಲ್ಲಿ ಆಧುನಿಕ ವಾಸ್ತುಶಿಲ್ಪದ 1927ರ ಮನೆಗಳಿವೆ. ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೆ ಕಟ್ಟಿದ ಎರಡು ಮನೆ 2016ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ಸೋಮವಾರ ವಸ್ತುಸಂಗ್ರಹಾಲಯಗಳಿಗೆ ರಜೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಸಾಮಾನು ಶನಿವಾರವೇ ತನ್ನಿ.

ಕನ್ನಡಿಗರು ತಪ್ಪದೆ ಮಾಡಬೇಕಾದ ಎರಡು ಪ್ರವಾಸಗಳಿವೆ. ಎಸ್1 ರೈಲಿನಲ್ಲಿ ಎಸ್‌ಲಿಂಗೆನ್: 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಕನ್ನಡ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಮರದ ಚೌಕಟ್ಟಿನ ಹಳೆಯ ಮನೆಗಳು, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಅರ್ಧ ದಿನ ಸಾಕು. ಇನ್ನೊಂದು ಟ್ಯೂಬಿಂಗನ್, ರೈಲಿನಲ್ಲಿ ಸುಮಾರು ಒಂದು ಗಂಟೆ. 1894ರ ಕನ್ನಡ ನಿಘಂಟಿನ ಕಿಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ಅಲ್ಲೇ ನಿಧನರಾದರು. ಬೇಸಿಗೆಯಲ್ಲಿ ನೆಕರ್ ನದಿಯ ಮೇಲೆ ಉದ್ದ ಗಳು ಊರಿ ನಡೆಸುವ ದೋಣಿಗಳಿರುತ್ತವೆ.

ಪ್ರಶ್ನೆ: ರೇಡಿಯೋ ಟಿವಿ ಶುಲ್ಕ ಕಟ್ಟಿ ಎಂದು ನನಗೂ ನನ್ನವಳಿಗೂ ಬೇರೆ ಬೇರೆ ಕಾಗದ ಬಂದಿದೆ. ನಮ್ಮಲ್ಲಿ ಟಿವಿಯೇ ಇಲ್ಲ.
– ಓದುಗರು, ಸ್ಟುಟ್‌ಗಾರ್ಟ್

ಉತ್ತರ: ಟಿವಿ ಇಲ್ಲದಿದ್ದರೂ ಕಟ್ಟಬೇಕು, ಆದರೆ ಮನೆಗೆ ಒಂದೇ: ತಿಂಗಳಿಗೆ 18.36 ಯೂರೋ, ಮೂರು ತಿಂಗಳಿಗೊಮ್ಮೆ 55.08. ಒಬ್ಬರು ನೋಂದಾಯಿಸಿ, ಇನ್ನೊಬ್ಬರ ಕಾಗದಕ್ಕೆ ಉತ್ತರವಾಗಿ ಮೊದಲನೆಯವರ 9 ಅಂಕಿಯ ಖಾತೆ ಸಂಖ್ಯೆ ಬರೆದು ಕಳುಹಿಸಿ. ಉತ್ತರಿಸದೆ ಬಿಟ್ಟರೆ ಎರಡನೆಯವರ ಹೆಸರಿಗೂ ಖಾತೆ ತೆರೆದು ಬಿಲ್ಲು ಕಳುಹಿಸುತ್ತಾರೆ, ಅದನ್ನು ಕಟ್ಟದಿದ್ದರೆ ದಂಡವೂ ಸೇರುತ್ತದೆ.