ಅರ್ಧ ತೆರೆದ ಬಾಗಿಲು

ತಂಗಿ, ನಿನ್ನ ಪ್ರಶ್ನೆ ಓದಿದೆ. ಅಮೆರಿಕಕ್ಕೆ ಬಂದು ಒಂದು ವರ್ಷ, ಬಯಾಲಜಿ ಎರಡನೇ ವರ್ಷ. ಲ್ಯಾಬ್‌ಗೆ ಸೇರಿಸಿಕೊಳ್ಳಿ ಅಂತ ಹನ್ನೆರಡು ಪ್ರೊಫೆಸರ್‌ಗಳಿಗೆ ಇಮೇಲ್ ಹಾಕಿದ್ದೀಯ, ಒಬ್ಬರೂ ಉತ್ತರ ಕೊಟ್ಟಿಲ್ಲ. "ಅಕ್ಕಾ, ಏನು ತಪ್ಪು ಮಾಡಿದೆ?" ಅಂತ ಕೇಳಿದ್ದೀಯ.

ನೀನು ಕಳಿಸಿದ ಇಮೇಲ್ ನೋಡಿದೆ. "ರೆಸ್ಪೆಕ್ಟೆಡ್ ಸರ್" ಅಂತ ಶುರುವಾಗಿ ಪಿಯುಸಿ ಮಾರ್ಕ್ಸ್‌ವರೆಗೂ ಇದೆ. ಹನ್ನೆರಡು ಜನಕ್ಕೂ ಅದೇ ಪತ್ರ. ಓದಿದ ತಕ್ಷಣ ಅವರಿಗೆ ಅದು ಗೊತ್ತಾಗುತ್ತದೆ. ಮೂವರನ್ನು ಮಾತ್ರ ಆರಿಸಿಕೊ. ಒಬ್ಬೊಬ್ಬರದೂ ಒಂದೊಂದು ರಿಸರ್ಚ್ ಪೇಪರ್ ಓದು. ಪೂರ್ತಿ ಅರ್ಥ ಆಗಬೇಕಿಲ್ಲ, ಎಲ್ಲಿ ಅರ್ಥ ಆಗಲಿಲ್ಲ ಅನ್ನುವುದು ಗೊತ್ತಿದ್ದರೆ ಸಾಕು. ಅದನ್ನೇ ಕೇಳು. ಆರೇಳು ಸಾಲು ಬರಿ, ವಾರಕ್ಕೆ ಎಷ್ಟು ಗಂಟೆ ಬರಬಲ್ಲೆ ಅಂತಲೂ ಹೇಳು. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಇನ್ನೊಮ್ಮೆ ನೆನಪಿಸು. ಇಲ್ಲಿ ಅದನ್ನು ಯಾರೂ ಕಾಟ ಅಂದುಕೊಳ್ಳುವುದಿಲ್ಲ.

ಆದರೆ ಇಮೇಲ್‌ಗಿಂತ ಜಾಸ್ತಿ ಕೆಲಸ ಮಾಡುವುದು ಆಫೀಸ್ ಅವರ್ಸ್, ಅಂದರೆ ವಿದ್ಯಾರ್ಥಿಗಳು ಬಂದು ಮಾತಾಡಲಿ ಅಂತ ಪ್ರೊಫೆಸರ್‌ಗಳು ಇಟ್ಟ ಸಮಯ. ನಾನು 2003ರ ಆಗಸ್ಟ್‌ನಲ್ಲಿ ಶಿವಮೊಗ್ಗದಿಂದ ಒಹಾಯೋಗೆ ಬಂದವಳು. ನಮ್ಮ ಜೆನೆಟಿಕ್ಸ್ ಮೇಷ್ಟ್ರು ಬಾಗಿಲಿಗೆ ಚೀಟಿ ಅಂಟಿಸಿದ್ದರು: ಮಂಗಳವಾರ, ಗುರುವಾರ 2ರಿಂದ 4. ಬಾಗಿಲು ಅರ್ಧ ತೆರೆದೇ ಇರುತ್ತಿತ್ತು. ಅವರ ಪೇಪರ್ ಪ್ರಿಂಟ್ ಹಾಕಿಕೊಂಡು ಎದುರಿನ ಬೆಂಚಿನ ಮೇಲೆ ಕೂರುತ್ತಿದ್ದೆ. ನಮ್ಮ ಕಡೆ ಸ್ಟಾಫ್ ರೂಮ್ ಮುಂದೆ ಹೇಗೆ ನಿಲ್ಲುತ್ತೇವೆ ಅಂತ ನಿನಗೆ ಗೊತ್ತೇ ಇದೆ. ಸರ್ ತಲೆ ಎತ್ತಿ "ಏನಮ್ಮಾ" ಅನ್ನಬೇಕು. ಇವರೂ ಕರೆಯುತ್ತಾರೆ ಅಂತ ಕಾದೆ. ಒಳಗಿಂದ ಕೀಬೋರ್ಡ್ ಸದ್ದು ಕೇಳುತ್ತಿತ್ತು. ನಾಲ್ಕಕ್ಕೆ ಕೋಟು ಹಾಕಿಕೊಂಡು, ನನ್ನನ್ನು ನೋಡಿ ನಕ್ಕು ಹೋಗಿಬಿಡುತ್ತಿದ್ದರು. ಯಾರಿಗೋ ಕಾಯುತ್ತಿದ್ದಾಳೆ ಅಂದುಕೊಂಡಿದ್ದರಂತೆ.

ಒಳಗೆ ಕಾಲಿಟ್ಟಾಗ ನಾನು ಕೊನೇ ವರ್ಷದಲ್ಲಿದ್ದೆ. ಪೇಪರ್ ಮಡಚಿ ಮಡಚಿ ಮಡಿಕೆಯಲ್ಲಿ ಹರಿದಿತ್ತು. ನನ್ನ ಪ್ರಶ್ನೆ ಕೇಳಿದೆ. ಅವರು ಎದ್ದು ಅರ್ಧ ಗಂಟೆ ಬೋರ್ಡ್ ಮೇಲೆ ಬರೆದು ವಿವರಿಸಿದರು. ಆಮೇಲೆ, "ಎರಡು ವರ್ಷ ಮೊದಲೇ ಬಂದಿದ್ದರೆ ಇದರ ಮೇಲೇ ಕೆಲಸ ಕೊಡುತ್ತಿದ್ದೆ. ಈಗ ಲ್ಯಾಬ್ ಮುಚ್ಚುತ್ತಿದ್ದೇನೆ" ಅಂದರು. ಆ ಬೇಸಿಗೆಗೆ ರಿಟೈರ್ ಆದರು. ಆಮೇಲೆ ನನಗೆ ಒಳ್ಳೆಯ ಕೆಲಸ ಸಿಕ್ಕಿತು, ಮನೆ ಆಯಿತು. ಆದರೂ ಆ ಬೆಂಚು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ.

ದುಡ್ಡಿನ ವಿಷಯ ಕೇಳಿದ್ದೀಯ. ಎಫ್-1 ವೀಸಾದಲ್ಲಿ, ಅಂದರೆ ನಿನ್ನ ವಿದ್ಯಾರ್ಥಿ ವೀಸಾದಲ್ಲಿ, ಕ್ಲಾಸು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಇಲ್ಲಿನ ಸರ್ಕಾರದ ವಿಜ್ಞಾನ ಸಂಸ್ಥೆ ಎನ್‌ಎಸ್‌ಎಫ್ ದುಡ್ಡಿನ ಬೇಸಿಗೆ ಆರ್‌ಇಯು, ಅಂದರೆ ಡಿಗ್ರಿ ಓದುವವರ ಸಂಶೋಧನಾ ಕಾರ್ಯಕ್ರಮ, ಇಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ. ಅದಕ್ಕೆ ಸುಮ್ನೆ ಅರ್ಜಿ ಹಾಕಿ ನೊಂದುಕೊಳ್ಳಬೇಡ. ನಿನ್ನ ಕಾಲೇಜಿನ ಲ್ಯಾಬೇ ನಿನಗೆ ದಾರಿ. ಮೊದಲು ಗಾಜಿನ ಸಾಮಾನು ತೊಳೆಯಲು ಹೇಳಿದರೂ ಮಾಡು.

ಗುರುವಾರ ಮಧ್ಯಾಹ್ನ ಕ್ಲಾಸ್ ಇಲ್ಲ ಅಂದಿದ್ದೀಯ, ಅಲ್ವಾ? ಅವತ್ತೇ ಹೋಗು. ಬೆಂಚಿನ ಮೇಲೆ ಕೂರಬೇಡ.