ಹೆರಿಗೆಯಾಗಿ 9ನೇ ದಿನ ಮತ್ತೆ ರಕ್ತ, ಚಳಿಜ್ವರ

ನಿಮ್ಮ ತಂಗಿಗೆ ಮಾಸಿನ (ಪ್ಲಾಸೆಂಟಾ) ಚೂರು ಒಳಗೇ ಉಳಿದು ನಂಜಾಗಿರಬೇಕು. ಹೆರಿಗೆಯಲ್ಲಿ ಮಾಸು ತಾನಾಗಿ ಬೀಳದೆ ಕೈಹಾಕಿ ತೆಗೆದರು, ಈಗ ಶಿಗ್ಗಾವಿಯಲ್ಲಿರೋ ಆಕೆಗೆ ಕೆಂಪು ರಕ್ತ, ಕೆಟ್ಟ ವಾಸನೆ, ಚಳಿಜ್ವರ ಅಂತ ಬರೆದೀರಿ. ನನ್ನ ಹೆಂಡತಿಗೂ ಹಿಂಗೇ ಆಗಿತ್ತು. ಹೊರಸಿನ ಕೆಳಗಿಟ್ಟ ಕೆಂಡದ ಕಾವಿಗೆ ಮೈ ಬಿಸಿಯಾಗೇತಿ ಅಂತ ಎರಡು ದಿನ ಕಳೆದಿವಿ, ಆ ತಪ್ಪು ನೀವು ಮಾಡಬ್ಯಾಡ್ರಿ. ಬರೀ ಗರ್ಭಕೋಶದ ಸೋಂಕೂ ಇರಬಹುದು, ಸ್ಕ್ಯಾನ್ ಆಗದೆ ಖಚಿತ ಹೇಳಾಕ ಆಗೂದಿಲ್ಲ. ಎರಡಕ್ಕೂ ಇವತ್ತೇ ಆಸ್ಪತ್ರೆ ಬೇಕು.

ಮೊದಲು ಪ್ಯಾಡ್ ನೋಡ್ರಿ. ತಾಸಿಗೊಂದು ಪೂರ್ತಿ ತೊಯ್ತಿದ್ದರೆ, ದೊಡ್ಡ ಗಡ್ಡೆ ಬಿದ್ದರೆ, ಕಣ್ಣಿಗೆ ಕತ್ತಲೆ ಬಂದರೆ ತಕ್ಷಣ 108ಕ್ಕೆ ಫೋನ್ ಮಾಡ್ರಿ. ಅಷ್ಟಿಲ್ಲದಿದ್ದರೂ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಹಿಡಕೊಂಡು ಹೊರಡ್ರಿ. ರಕ್ತನಿಧಿ, ಆಪರೇಷನ್ ಥಿಯೇಟರ್ ಎರಡೂ ಇರೋ ಕಡೆ, ಹುಬ್ಬಳ್ಳಿಯ ಸರ್ಕಾರಿ ದೊಡ್ಡಾಸ್ಪತ್ರೆ ಕಿಮ್ಸ್‌ಗೆ (ಈಗ ಕೆಎಂಸಿಆರ್‌ಐ ಅಂತ ಹೆಸರು) ಹೋದರೆ ಒಳ್ಳೇದು. "ಮಾಸು ಕೈಯಿಂದ ತೆಗೆದಿದ್ದರು" ಅನ್ನೋದನ್ನ ಮೊದಲ ಮಾತಿಗೇ ಹೇಳ್ರಿ. ನಾವು ಬರೀ ಜ್ವರ ಅಂದಿದ್ದಕ್ಕ ಜ್ವರದ ಗುಳಿಗೆ ಕೊಟ್ಟು ಕಳಿಸಿದ್ದರು.

ಸಾಮಾನ್ಯವಾಗಿ ಸಲೈನ್ ಜೋಡಿ ಆಂಟಿಬಯೋಟಿಕ್ ಹಾಕ್ತಾರ. ತುಣುಕು ಕಂಡರೆ ಅರಿವಳಿಕೆ ಕೊಟ್ಟು ತೆಗೀತಾರ. ಅಲ್ಲೀತನಕ ಹೊಟ್ಟೆ ತಿಕ್ಕಿಸೂದು, ಕಷಾಯ ಕುಡಿಸೂದು ಬ್ಯಾಡ. ಕೂಸಿಗೆ ಹಾಲು ಕುಡಿಸ್ತೇವಿ ಅಂತ ಡಾಕ್ಟರಿಗೆ ಹೇಳ್ರಿ, ಅದಕ್ಕ ಹೊಂದೋ ಔಷಧ ಬರೀತಾರ.