ಗೇಟಿನಲ್ಲಿ ಅಳೆಯುವುದನ್ನು ಮನೆಯಲ್ಲೇ ಅಳೆದುಕೊಳ್ಳಿ

ಪ್ರಶ್ನೆ: ನಾನು ಕಲಬುರಗಿಯ ತೊಗರಿ ಬೇಳೆ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಮನೆಯಲ್ಲಿ ನಾನು, ನನ್ನ ಹೆಂಡತಿ, 66 ವರ್ಷದ ತಾಯಿ, 11 ವರ್ಷದ ಮಗಳು ಮತ್ತು 4 ವರ್ಷದ ಮಗ ಇದ್ದೇವೆ. ದಸರಾ ರಜೆಯಲ್ಲಿ ಹೈದರಾಬಾದಿಗೆ ಹೋಗಬೇಕೆಂದು ಮಕ್ಕಳು ಎರಡು ವರ್ಷದಿಂದ ಹಟ ಹಿಡಿದಿದ್ದಾರೆ. ಮಗಳಿಗೆ ವಂಡರ್‌ಲಾ ಬೇಕು, ತಾಯಿಗೆ ರಾಮೋಜಿ ಫಿಲ್ಮ್ ಸಿಟಿ ನೋಡುವ ಆಸೆ. ನಾನು ಕೂಡಿಟ್ಟಿರುವುದು 15,000 ರೂಪಾಯಿ. ಇಷ್ಟರಲ್ಲಿ ಎರಡನ್ನೂ ನೋಡಿಕೊಂಡು ಬರಬಹುದೇ? ಹೆಂಗಸರಿಗೆ ಬಸ್ಸು ಉಚಿತವಿರುವುದರಿಂದ ಪ್ರಯಾಣದ ಖರ್ಚು ಉಳಿಯುತ್ತದೆಯಲ್ಲವೇ?

ಉತ್ತರ: ಎರಡನ್ನೂ ನೋಡಲು ಈ ಹಣ ಸಾಲುವುದಿಲ್ಲ. ಒಂದನ್ನು ನೆಮ್ಮದಿಯಿಂದ ನೋಡಿ ಬರಲು ಸಾಲುತ್ತದೆ. ಎರಡೂ ಕಡೆ ದೊಡ್ಡವರ ಪ್ರವೇಶ ದರ ತಲೆಗೆ ಸಾವಿರ ರೂಪಾಯಿ ದಾಟುತ್ತದೆ. ಇಂತಹ ಪ್ರವಾಸಗಳಲ್ಲಿ ಲೆಕ್ಕ ತಪ್ಪುವುದು ಹೆಚ್ಚಾಗಿ ಎರಡನೆಯ ದಿನದಿಂದ, ಏಕೆಂದರೆ ಟಿಕೆಟಿನ ಜೊತೆಗೆ ಇನ್ನೊಂದು ರಾತ್ರಿಯ ಕೋಣೆ, ಇನ್ನೆರಡು ಹೊತ್ತಿನ ಊಟ ಮತ್ತು ದಣಿದ ಮಕ್ಕಳಿಗಾಗಿ ಹಿಡಿಯುವ ಆಟೋ ಸೇರಿಕೊಳ್ಳುತ್ತವೆ. ಆದ್ದರಿಂದ ಎಷ್ಟು ಖರ್ಚಾದೀತು ಎಂದು ಕೇಳುವುದಕ್ಕಿಂತ ಮೊದಲು ಎಲ್ಲಿಗೆ ಹೋಗುವುದೆಂದು ತೀರ್ಮಾನಿಸಬೇಕು. ಆ ತೀರ್ಮಾನಕ್ಕೆ ನಿಮಗೆ ಬೇಕಾಗಿರುವುದು ದರ್ಜಿಯ ಅಳತೆ ಪಟ್ಟಿ.

ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟನ್ನು ವಯಸ್ಸಿನಿಂದ ನಿರ್ಧರಿಸುವುದಿಲ್ಲ, ಎತ್ತರದಿಂದ ನಿರ್ಧರಿಸುತ್ತಾರೆ. 85 ಸೆಂಟಿಮೀಟರಿಗಿಂತ ಗಿಡ್ಡವಿರುವ ಮಗುವಿಗೆ ಟಿಕೆಟ್ ಬೇಡ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ದರ, ಅದನ್ನು ದಾಟಿದರೆ ಪೂರ್ಣ ದರ. ನಾಲ್ಕು ವರ್ಷದ ನಿಮ್ಮ ಮಗ 85 ಸೆಂಟಿಮೀಟರನ್ನು ಎಂದೋ ದಾಟಿರುತ್ತಾನೆ. ರೈಲಿನಲ್ಲಿ ಅವನು ಪುಕ್ಕಟೆ, ಗೇಟಿನಲ್ಲಿ ಅಲ್ಲ. ಅನೇಕ ತಂದೆ ತಾಯಂದಿರು ಕೈಕೂಸು ಎಂದು ಲೆಕ್ಕಕ್ಕೆ ಹಿಡಿಯದೆ ಹೋಗಿ ಅಲ್ಲಿ ಪೇಚಿಗೆ ಸಿಲುಕುತ್ತಾರೆ. ನಾನೂ ಸಿಲುಕಿದ್ದೇನೆ: ಕೆಲವು ವರ್ಷಗಳ ಹಿಂದೆ ತಂಗಿಯ ಮಗನನ್ನು ಇಂಥದೇ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋದಾಗ, ಅವನ ತಲೆ ಅಳತೆಯ ಗೆರೆಯನ್ನು ಒಂದು ಬೆರಳಿನಷ್ಟು ದಾಟಿತ್ತು. ಚಪ್ಪಲಿ ಬಿಡಿಸಿ ಮತ್ತೆ ನಿಲ್ಲಿಸಿದರೂ ದಾಟಿಯೇ ಇತ್ತು. ಅಂದು ಮಧ್ಯಾಹ್ನದ ಊಟಕ್ಕೆಂದು ಇಟ್ಟಿದ್ದ ಹಣ ಅವನ ಟಿಕೆಟಿಗೆ ಹೋಯಿತು.

ಈಗ ಮಗಳ ವಿಚಾರ. ಹನ್ನೊಂದು ವರ್ಷದ ಹುಡುಗಿಯರು ಬಹುಮಟ್ಟಿಗೆ ಈ 140ರ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ಮೈ ಜುಮ್ಮೆನಿಸುವ ದೊಡ್ಡ ರೈಡುಗಳಲ್ಲಿ ಹಲವಕ್ಕೆ 140 ಸೆಂಟಿಮೀಟರ್ ಎತ್ತರ ಕಡ್ಡಾಯ. ಅವಳು 137 ಅಥವಾ 138 ಇದ್ದರೆ ಟಿಕೆಟಿನಲ್ಲಿ ಸ್ವಲ್ಪ ಉಳಿಯುತ್ತದೆ, ಆದರೆ ಯಾವ ಆಟಕ್ಕಾಗಿ ಎರಡು ವರ್ಷ ಕಾದಿದ್ದಳೋ ಅದರ ಸರದಿಯಿಂದಲೇ ಅವಳನ್ನು ಹಿಂದಕ್ಕೆ ಕಳುಹಿಸುತ್ತಾರೆ. ಐದು ಜನರಲ್ಲಿ ತಾಯಿಗೆ ಆಟ ಬೇಡ, ಮಗನಿಗೆ ಆಗದು, ಅವನನ್ನು ನೋಡಿಕೊಳ್ಳಲು ನಿಮ್ಮಿಬ್ಬರಲ್ಲಿ ಒಬ್ಬರು ಉಳಿಯಲೇಬೇಕು. ಹಿರಿಯ ನಾಗರಿಕರಿಗೆ ಕಡಿಮೆ ದರವಿದೆ, ನಿಜ. ಆದರೆ ದಿನವಿಡೀ ಬೆಂಚಿನ ಮೇಲೆ ಕೂಡುವುದಕ್ಕೆ ಆ ಕಡಿಮೆ ದರವೂ ದುಬಾರಿಯೇ.

ಹಾಗಾಗಿ ಮಗಳ ಎತ್ತರ 140ಕ್ಕಿಂತ ಕಡಿಮೆಯಿದ್ದರೆ ಈ ವರ್ಷ ಎಲ್ಲರೂ ಸೇರಿ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ. ಮುಂದಿನ ವರ್ಷ ನೀವು ಮತ್ತು ಮಗಳು ಇಬ್ಬರೇ ವಂಡರ್‌ಲಾಕ್ಕೆ ಹೋಗಿಬನ್ನಿ. ಇಬ್ಬರ ಖರ್ಚು ಐವರ ಖರ್ಚಿನ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಇದನ್ನು ಅವಳಿಗೆ ಮುಚ್ಚುಮರೆಯಿಲ್ಲದೆ ಈಗಲೇ ಹೇಳಿಬಿಡಿ, ಗೋಡೆಯ ಮೇಲೆ ಗುರುತು ಹಾಕಿಕೊಟ್ಟರೆ ಇನ್ನೂ ಒಳ್ಳೆಯದು. 140 ದಾಟಿದ್ದಾಳೆಂದರೆ ನನ್ನ ಸಲಹೆ ತಿರುಗುಮುರುಗಾಗುತ್ತದೆ: ಈ ಸಲ ವಂಡರ್‌ಲಾಕ್ಕೆ ನೀವಿಬ್ಬರೇ ಹೋಗಿ, ಮನೆಮಂದಿಯ ಪ್ರವಾಸ ಆಮೇಲಿರಲಿ. 1996ರಲ್ಲಿ ಆರಂಭವಾದ ಫಿಲ್ಮ್ ಸಿಟಿಯಲ್ಲಿ ಟಿಕೆಟಿನೊಳಗೇ ಬಸ್ಸಿನಲ್ಲಿ ಕೂಡಿಸಿ ಸಿನಿಮಾ ಸೆಟ್ಟುಗಳನ್ನು, ಉದ್ಯಾನಗಳನ್ನು ಸುತ್ತಿಸುತ್ತಾರೆ. ಪ್ರದರ್ಶನಗಳೂ ಸಣ್ಣ ಮಕ್ಕಳ ಆಟಗಳೂ ಇವೆ. ತಾಯಿಗೆ ಮೊಣಕಾಲು ನೋವಿದ್ದರೆ ಬಸ್ಸು ಹತ್ತಿ ಇಳಿಯುವುದು ಮತ್ತು ನಡುವಿನ ನಡಿಗೆ ಇದ್ದೇ ಇರುತ್ತದೆ ಎಂಬುದನ್ನು ಗಮನದಲ್ಲಿಡಿ. ಒಳಗೆ ಹೋದ ಕೂಡಲೇ ಅಂಗಡಿಗಳ ಕಡೆ ತಿರುಗದೆ ಮೊದಲು ಬಸ್ಸಿನ ಸರದಿಯಲ್ಲಿ ನಿಲ್ಲಿ.

ದಿನಾಂಕದ ಬಗ್ಗೆ ನನ್ನ ಆಕ್ಷೇಪವಿದೆ. ದಸರಾ ಬೇಡ. ತೆಲಂಗಾಣದಲ್ಲಿ ಅದು ಬತುಕಮ್ಮ ಹಬ್ಬದ ಕಾಲ, ಅಲ್ಲಿಯ ಶಾಲೆಗಳಿಗೂ ರಜೆ, ಗರ್ದಿಯೂ ದರವೂ ಏರಿರುತ್ತವೆ. ಸಂಕ್ರಾಂತಿಗೂ ಇದೇ ಕಥೆ. ನಮಗೆ ರಜೆ ಇದ್ದು ಅವರಿಗೆ ರಜೆ ಇಲ್ಲದ ದಿನವನ್ನು ಹುಡುಕಬೇಕು. ಕನ್ನಡ ರಾಜ್ಯೋತ್ಸವ ಮತ್ತು ಕನಕ ಜಯಂತಿ ಅಂತಹ ದಿನಗಳು. ಅವು ಸೋಮವಾರದಿಂದ ಶುಕ್ರವಾರದ ನಡುವೆ, ದೀಪಾವಳಿಗೆ ಅಂಟಿಕೊಳ್ಳದೆ ಬಂದರೆ ವಾರದ ದಿನದ ದರವೇ ಸಿಗುತ್ತದೆ, ಮಕ್ಕಳ ಪಾಠವೂ ತಪ್ಪುವುದಿಲ್ಲ. ನವೆಂಬರ ತಿಂಗಳಲ್ಲಿ ಬಿಸಿಲೂ ಹಿತ. ರಾಜ್ಯೋತ್ಸವದ ಧ್ವಜಾರೋಹಣಕ್ಕೆ ಹಾಜರಿ ಕೇಳುವ ಶಾಲೆಯಾದರೆ ಕನಕ ಜಯಂತಿಯನ್ನೇ ಆರಿಸಿಕೊಳ್ಳಿ.

ಬಸ್ಸಿನ ವಿಚಾರದಲ್ಲಿ ನಿಮ್ಮ ಎಣಿಕೆ ಅರ್ಧ ಮಾತ್ರ ಸರಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಸೀಮಿತ, ಕಲಬುರಗಿಯಿಂದ ನೇರವಾಗಿ ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ. ತೆಲಂಗಾಣದಲ್ಲಿಯೂ 2023ರ ಡಿಸೆಂಬರಿನಿಂದ ಮಹಿಳೆಯರಿಗೆ ಉಚಿತ ಪ್ರಯಾಣವಿದೆಯಾದರೂ ಅದು ಆ ರಾಜ್ಯದ ಗುರುತಿನ ಚೀಟಿ ಉಳ್ಳವರಿಗೆ ಮಾತ್ರ. ಬೀದರಿನವರೆಗೆ ಉಚಿತವಾಗಿ ಹೋಗಿ ಅಲ್ಲಿಂದ ಟಿಕೆಟ್ ತೆಗೆಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ಚಿಕ್ಕ ಮಗುವನ್ನೂ ವಯಸ್ಸಾದ ತಾಯಿಯನ್ನೂ ಕಟ್ಟಿಕೊಂಡು ಹುಮನಾಬಾದ್, ಬೀದರ್ ಎಂದು ಬಳಸಿ ಹೋಗಿ ಬಸ್ಸು ಬದಲಿಸುವ ಬದಲು, ವಾಡಿ, ತಾಂಡೂರು, ವಿಕಾರಾಬಾದ್ ಮಾರ್ಗದ ರೈಲೇ ಲೇಸು. ಅದರ ಸಾಮಾನ್ಯ ದರ್ಜೆಯ ದರ ಬಸ್ಸಿಗಿಂತ ಬಹಳ ಕಡಿಮೆ. ಐದು ವರ್ಷದೊಳಗಿನ ಮಗುವಿಗೆ ರೈಲಿನಲ್ಲಿ ಟಿಕೆಟ್ ಬೇಡ. 5ರಿಂದ 12 ವರ್ಷದೊಳಗಿನವರಿಗೆ ಸ್ಲೀಪರ್ ಬೋಗಿಯಲ್ಲಿ ಪ್ರತ್ಯೇಕ ಬರ್ತ್ ಕೇಳದಿದ್ದರೆ ಅರ್ಧ ದರ, ಕೇಳಿದರೆ ಪೂರ್ತಿ ದರ. ತಾಯಿಯ ಹೆಸರಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿಯನ್ನು ನಿರೀಕ್ಷಿಸಬೇಡಿ. ರೈಲ್ವೆಯು ಅದನ್ನು 2020ರ ಮಾರ್ಚಿನಲ್ಲಿ ನಿಲ್ಲಿಸಿದೆ.

ಹಿಂದಿನ ದಿನ ಮಧ್ಯಾಹ್ನದ ನಂತರ ಹೊರಡಿ. ಆ ಹೊತ್ತಿಗೆ ಹೊಂದುವ ರೈಲು ಸಿಗದಿದ್ದರೆ ಹೋಗುವಾಗ ಬಸ್ಸು, ಬರುವಾಗ ರೈಲು ಎಂದಿಟ್ಟುಕೊಳ್ಳಿ. ಬೆಳಗ್ಗೆ ಕಲಬುರಗಿ ಬಿಟ್ಟು ಅದೇ ದಿನ ಫಿಲ್ಮ್ ಸಿಟಿ ನೋಡುತ್ತೇವೆಂದರೆ ಗೇಟು ಸೇರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ, ಟಿಕೆಟು ಮಾತ್ರ ಪೂರ್ತಿ ದಿನದ್ದು. ನಾಂಪಲ್ಲಿ ನಿಲ್ದಾಣದಲ್ಲಿ ಇಳಿದರೂ ಎಂಜಿಬಿಎಸ್ ಬಸ್ ನಿಲ್ದಾಣದಲ್ಲಿ ಇಳಿದರೂ ಮೆಟ್ರೋದ ಒಂದೇ ಕೆಂಪು ಮಾರ್ಗ ಎಲ್.ಬಿ. ನಗರಕ್ಕೆ ಒಯ್ಯುತ್ತದೆ. ಅಲ್ಲಿಂದ ವಿಜಯವಾಡ ಹೆದ್ದಾರಿಯಲ್ಲಿ ಹಯಾತ್‌ನಗರ ದಾಟಿ ಸಿಟಿ ಬಸ್ಸಿನಲ್ಲಿ ಹೋಗಬಹುದು. ಕೋಣೆಯನ್ನು ಊರ ನಡುವೆ ಹಿಡಿಯದೆ ದಿಲ್‌ಸುಖ್‌ನಗರ ಅಥವಾ ಎಲ್.ಬಿ. ನಗರದ ಕಡೆ ಹಿಡಿದರೆ ಬೆಳಗಿನ ಒಂದು ಗಂಟೆ ಉಳಿಯುತ್ತದೆ. ಲಾಡ್ಜಿನವರನ್ನು ಒಂದು ಮಾತು ಕೇಳಿಕೊಳ್ಳಿ: ಬಾಡಿಗೆ ಮಧ್ಯಾಹ್ನ ಹನ್ನೆರಡರ ಲೆಕ್ಕವೋ, 24 ಗಂಟೆಯ ಲೆಕ್ಕವೋ? ಎರಡನೆಯದಾದರೆ ಸಾಮಾನನ್ನು ಅಲ್ಲೇ ಬಿಟ್ಟು ಹೋಗಿ, ಸಂಜೆ ಮುಖ ತೊಳೆದುಕೊಂಡು ರಾತ್ರಿಯ ಗಾಡಿ ಹಿಡಿಯಬಹುದು.

ನಿಮ್ಮ 15,000 ರೂಪಾಯಿಯನ್ನು ನಾನು ಹೀಗೆ ಹಂಚುತ್ತೇನೆ. ಟಿಕೆಟುಗಳಿಗೆ 7,500, ಎಲ್ಲ ಪ್ರಯಾಣಕ್ಕೆ 2,500, ಕೋಣೆಗೆ 1,800, ಊಟ ತಿಂಡಿಗೆ 2,000. ಉಳಿದ 1,200 ರೂಪಾಯಿ ನಿಮ್ಮ ಹೆಂಡತಿಯ ಕೈಯಲ್ಲಿರಲಿ, ಜ್ವರ ಬಂದರೆ ಅಥವಾ ಗಾಡಿ ತಪ್ಪಿದರೆ ಮಾತ್ರ ಹೊರಬರಲಿ. ಬುಕಿಂಗ್ ಪುಟದಲ್ಲಿ ಮೊದಲು ಕಾಣುವ ದರವನ್ನು ನಂಬದೆ, ಜಿ.ಎಸ್.ಟಿ. ಸೇರಿ ಕೊನೆಯಲ್ಲಿ ಬರುವ ಮೊತ್ತವನ್ನು ಈ 7,500ಕ್ಕೆ ಹೋಲಿಸಿ ನೋಡಿ. ಮಕ್ಕಳು ಎಂದರೆ ಯಾರು ಎಂಬ ವಿವರಣೆಯೂ ಅಲ್ಲಿಯೇ ಇರುತ್ತದೆ, ಪ್ರತಿಯೊಂದು ಉದ್ಯಾನದ ವ್ಯಾಖ್ಯಾನವೂ ಬೇರೆ. ಟಿಕೆಟನ್ನು ಉದ್ಯಾನದ ಅಧಿಕೃತ ಜಾಲತಾಣದಲ್ಲೇ ತೆಗೆದುಕೊಳ್ಳಿ. ವಾಟ್ಸ್ಆ್ಯಪಿನಲ್ಲಿ ಅರ್ಧ ದರಕ್ಕೆ ಬರುವ ಟಿಕೆಟುಗಳಿಗೆ ಹಣ ಹಾಕಿ ಮೋಸ ಹೋದರೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಊಟದ 2,000 ಸಾಕಾಗಬೇಕಾದರೆ ಬುತ್ತಿ ಕಟ್ಟಲೇಬೇಕು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಎರಡು ದಿನ ಕೆಡುವುದಿಲ್ಲ. ಇಂತಹ ಉದ್ಯಾನಗಳು ಹೊರಗಿನ ತಿನಿಸನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲವಾದ್ದರಿಂದ ಬುತ್ತಿಯ ಉಪಯೋಗ ಹೋಗುವ ಸಂಜೆಗೆ, ಬೆಳಗಿನ ಉಪಾಹಾರಕ್ಕೆ ಮತ್ತು ಮರಳುವ ರಾತ್ರಿಗೆ. ಹೊಟ್ಟೆ ತುಂಬ ತಿನ್ನಿಸಿ ಒಳಗೆ ಕರೆದೊಯ್ದ ಮಕ್ಕಳು ಮಧ್ಯಾಹ್ನದವರೆಗೆ ಅಂಗಡಿಯತ್ತ ಕೈ ತೋರಿಸುವುದಿಲ್ಲ ಎಂದು ಹೇಳಿದರೆ ಸುಳ್ಳಾದೀತು, ಕಡಿಮೆ ತೋರಿಸುತ್ತಾರೆ.

ಪ್ರಶ್ನೆ: ನಾವು ಬೀದರಿನವರು. ಎರಡು ಕುಟುಂಬಗಳು ಸೇರಿ ಕ್ರೂಸರ್ ಬಾಡಿಗೆಗೆ ಹಿಡಿದು ಒಂದೇ ದಿನದಲ್ಲಿ ಹೈದರಾಬಾದಿನ ವಂಡರ್‌ಲಾ ನೋಡಿ ಬರಬಹುದೇ?

ಉತ್ತರ: ಬರಬಹುದು, ಕೋಣೆಯ ಖರ್ಚಿಲ್ಲದ ಕಾರಣ ನಿಮ್ಮದು ಕಲಬುರಗಿಯವರಿಗಿಂತ ಅಗ್ಗದ ಪ್ರವಾಸ. ಬೀದರಿನಿಂದ ಹೈದರಾಬಾದಿಗೆ ಸುಮಾರು 140 ಕಿಲೋಮೀಟರ್. ಜಹೀರಾಬಾದ್ ಮೂಲಕ ಹೋಗಿ, ಊರೊಳಗೆ ನುಗ್ಗದೆ, ಪಟಾನ್‌ಚೆರು ಬಳಿ ಹೊರವರ್ತುಲ ರಸ್ತೆ ಹತ್ತಿ 13ನೆಯ ನಿರ್ಗಮನವಾದ ರಾವಿರ್ಯಾಲದಲ್ಲಿ ಇಳಿದರೆ ಉದ್ಯಾನ ಹತ್ತಿರ. ಟೋಲ್ ಯಾರು ಕೊಡುವುದು, ತೆಲಂಗಾಣ ಪ್ರವೇಶದ ಪರ್ಮಿಟ್ ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನು ಗಾಡಿಯವರಿಂದ ಮೊದಲೇ ಬಾಯಿಬಿಡಿಸಿ. ಬಿಳಿ ಬೋರ್ಡಿನ ಗಾಡಿ ನೂರಿನ್ನೂರು ಕಡಿಮೆಗೆ ಸಿಕ್ಕಿತೆಂದು ಹತ್ತಬೇಡಿ, ಬಾಡಿಗೆ ಓಡಾಟದಲ್ಲಿ ಅಪಘಾತವಾದರೆ ವಿಮೆಯವರು ತಕರಾರು ತೆಗೆಯುತ್ತಾರೆ.

ನೀರಿನ ಆಟಗಳಿಗೆ ಸೀರೆ, ಹತ್ತಿಯ ಬಟ್ಟೆ ನಡೆಯುವುದಿಲ್ಲ. ನೈಲಾನ್ ಬಟ್ಟೆಯನ್ನೂ ಟವೆಲನ್ನೂ ಬೀದರಿನಲ್ಲೇ ಕೊಂಡು ಒಯ್ಯಿರಿ. ಗೇಟಿನ ಅಂಗಡಿಯಲ್ಲಿ ಎಂಟು ಜನರಿಗೆ ಕೊಂಡರೆ ಡೀಸೆಲ್ಲಿನಷ್ಟೇ ಖರ್ಚು ಅಲ್ಲಿ ಆಗಿಬಿಡುತ್ತದೆ. ಲಾಕರಿಗೂ ಬಾಡಿಗೆ ಇರುವುದರಿಂದ ಎರಡು ಮನೆಗೆ ಒಂದೇ ಸಾಕು. ದಿನವಿಡೀ ಗಾಡಿ ನಿಲ್ಲಿಸಿಕೊಂಡ ಚಾಲಕನಿಗೆ ಮಲಗಲು ಹೇಳಿ, ಮರಳುವ ದಾರಿ ಕತ್ತಲೆಯದು.

ಪ್ರಶ್ನೆ: ಯಾದಗಿರಿಯಿಂದ ನಮಗೆ ಹೈದರಾಬಾದ್ ಅಗ್ಗವೋ, ಬೆಂಗಳೂರು ಅಗ್ಗವೋ? ಮೂವರಿದ್ದೇವೆ: ನಾನು, ನನ್ನ ಅಕ್ಕ, ಅಕ್ಕನ ಮಗಳು.

ಉತ್ತರ: ದೂರ ನೋಡಿದರೆ ಹೈದರಾಬಾದ್. ಆದರೆ ನೀವು ಮೂವರೂ ಹೆಂಗಸರಾದರೆ ಬೆಂಗಳೂರನ್ನು ತಳ್ಳಿಹಾಕಬೇಡಿ. ಯಾದಗಿರಿಯಿಂದ ರಾತ್ರಿಯಿಡೀ ಓಡುವ ರೈಲುಗಳಿರುವುದರಿಂದ ಸ್ಲೀಪರ್ ಬರ್ತೇ ಕೋಣೆಯಾಗುತ್ತದೆ, ಹೋಗುವ ರಾತ್ರಿಗೂ ಬರುವ ರಾತ್ರಿಗೂ ಲಾಡ್ಜು ಬೇಡ. ಬೆಂಗಳೂರಿನ ವಂಡರ್‌ಲಾ ಇರುವುದು ಮೈಸೂರು ರಸ್ತೆಯ ಬಿಡದಿಯಲ್ಲಿ. ರಾಜ್ಯದೊಳಗೇ ಆದ್ದರಿಂದ ಅಲ್ಲಿಯವರೆಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆ ನಡೆಯುತ್ತದೆ, ಆಧಾರ್ ಜೊತೆಗಿರಲಿ. ಸಾಮಾನನ್ನು ಬೀಗ ಹಾಕಿದ ಚೀಲದಲ್ಲಿ ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಬಿಟ್ಟು ಹೋಗಬಹುದು. ಕಾಲೇಜಿನಲ್ಲಿ ಓದುವ ಹುಡುಗಿಯಾದರೆ ಅವಳ ಗುರುತಿನ ಚೀಟಿಯ ಮೂಲಪ್ರತಿ ಒಯ್ಯಿರಿ, ವಂಡರ್‌ಲಾದಲ್ಲಿ ವಿದ್ಯಾರ್ಥಿ ರಿಯಾಯಿತಿ ಉಂಟು. ರೈಲಿನ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಹೋಗುವ ಮತ್ತು ಬರುವ ಎರಡೂ ಟಿಕೆಟುಗಳನ್ನು ಆಯಾ ದಿನಾಂಕದ ಬುಕಿಂಗ್ ತೆರೆದ ದಿನವೇ ತೆಗೆದಿಡಿ. ಬರುವ ಬರ್ತು ಖಚಿತವಾಗದಿದ್ದರೆ ಉದ್ಯಾನದ ಟಿಕೆಟಿಗೆ ಕೈ ಹಾಕಬೇಡಿ.